ಅತಿಪ್ರಭ ಮಹಾನವ್ಯಗಳ ಬೆಳಕಿನ ಮೂಲ

ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಕೊರೆದಿದ್ದ ಅಕ್ಷರಗಳು ೧೯೧೫ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದುವು. ಚಿನ್ನದ ಅದಿರನ್ನು ಅರಸುವ ವೃತ್ತಿಯವನಿಗೆ ದೊರೆತದ್ದು ಚಿನ್ನಕ್ಕಿಂತ ಬೆಲೆಯುಳ್ಳ ವಸ್ತು. ಅದಕ್ಕೆ ಮೊದಲು ಭಾರತದ ಹಲವೆಡೆ ದೊರೆತಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಕಂಡುಬಂದಿದ್ದುವು. ಅವುಗಳನ್ನು ಬರೆಯಿಸಿದವನು ಮೌರ್ಯ ಅಶೋಕನೇ ಇರಬೇಕೆಂದು ವಿದ್ವಾಂಸರು ಇತರ ಗ್ರಂಥಗಳ ನೆರವಿನಿಂದ ಊಹಿಸಿದ್ದರು. ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆಗೆ ಅಶೋಕನ ಹೆಸರೂ ಇದ್ದಿತು. ಆ ಒಂದು ಬಂಡೆಯ ಸಾಕ್ಷ್ಯದಿಂದ ದೂರದೂರದ ಊರುಗಳ ಶಾಸನಗಳೆಲ್ಲ ಒಬ್ಬನೇ ಅರಸನವೆಂಬುದು ಸ್ಥಿರಪಟ್ಟಿತು.

ಬಿಡಿಬಿಡಿಯಾಗಿ ದೊರೆತ ಲಿಪಿಗಳನ್ನು ಒಂದುಗೂಡಿಸಿ ಓದುವ ಇಂಥದೇ ಕಾರ್ಯವು ಖಗೋಳವಿಜ್ಞಾನದಲ್ಲಿಯೂ ಈ ಶತಮಾನದ ಆರಂಭದಲ್ಲಿ ನಡೆಯಿತು. ೨೦೦೫ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದಿಂದ ರಾಬರ್ಟ್ ಕ್ವಿಂಬಿ ಎಂಬ ವಿಜ್ಞಾನಿಯು ಅರ್ಧ ಮೀಟರಿಗಿಂತ ಚಿಕ್ಕ ದರ್ಪಣದ ದೂರದರ್ಶಕದಿಂದ ಒಂದು ಹೊಸ ಬೆಳಕನ್ನು ಗುರುತಿಸಿದನು. ಅದಕ್ಕೆ ೨೦೦೫ ಎ.ಪಿ. ಎಂದು ಹೆಸರಾಯಿತು. ಆ ಬೆಳಕು ಭೂಮಿಯನ್ನು ತಲುಪಲು ೩೦೦ ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಪಯಣಿಸಿದ್ದಿತು. ಅಷ್ಟು ದೂರದಿಂದ ಅಷ್ಟು ಉಜ್ಜ್ವಲವಾಗಿ ಕಾಣಬೇಕಾದರೆ ಅದರ ಪ್ರಭೆ ಸುಮಾರು ಹತ್ತು ಸಾವಿರ ಕೋಟಿ ಸೂರ್ಯರಿಗೆ ಸಮವಾಗಿರಬೇಕಾಗಿತ್ತು. ಮರುವರ್ಷ ಹಬಲ್ ಬಾಹ್ಯಾಕಾಶ ದೂರದರ್ಶಕಕ್ಕೆ ಇನ್ನೊಂದು ವಿಚಿತ್ರ ಬೆಳಕು ಕಂಡಿತು. ಅದರ ರೋಹಿತದಲ್ಲಿದ್ದ ಕಪ್ಪು ಪಟ್ಟೆಗಳು ಯಾವ ಧಾತುವಿನವೆಂದು ಓದಲು ಯಾರಿಗೂ ಸಾಧ್ಯವಾಗಲಿಲ್ಲ. ಅದರ ದೂರವೂ ತಿಳಿಯಲಿಲ್ಲ. ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದಾಗ ಬಣ್ಣಬಣ್ಣವಾಗಿ ಹರಡಿಕೊಳ್ಳುವ ಪಟ್ಟಿಯೇ ರೋಹಿತ. ಅದು ನಕ್ಷತ್ರದ ಶಾಸನವಿದ್ದಂತೆ. ಇಲ್ಲಿ ಶಾಸನವಿದ್ದಿತು, ಅದರ ಲಿಪಿ ಬಿಡಿಸಲಾಗಿರಲಿಲ್ಲ.

೨೦೦೯ ಮತ್ತು ೨೦೧೦ರಲ್ಲಿ ಪಲೋಮಾರ್ ಬೆಟ್ಟದ ವೀಕ್ಷಣಾಲಯದಿಂದ ಆಕಾಶವನ್ನು ಮತ್ತೆಮತ್ತೆ ಶೋಧಿಸುತ್ತಿದ್ದ ತಂಡಕ್ಕೆ ಇಂಥ ಇನ್ನೂ ನಾಲ್ಕು ಬೆಳಕುಗಳು ದೊರೆತುವು. ಅವುಗಳ ದೂರವನ್ನು ಅಳೆಯಲು ಸಾಧ್ಯವಾಯಿತು. ಆ ನಾಲ್ಕನ್ನು ನಡುವೆ ಇಟ್ಟುಕೊಂಡು ನೋಡಿದಾಗ ಹಿಂದಿನ ಎರಡೂ ಒಂದೇ ಕುಲದವೆಂದೂ, ಓದಲಾಗದಿದ್ದ ಪಟ್ಟೆಗಳು ಬಹು ದೂರದಿಂದಾಗಿ ಕೆಂಪಿನತ್ತ ಸರಿದು ಮರೆಯಾಗಿದ್ದ ಪರಿಚಿತ ಧಾತುಗಳವೇ ಎಂದೂ ತಿಳಿದುಬಂದಿತು. ೨೦೧೧ರಲ್ಲಿ ಪ್ರಕಟವಾದ ಈ ನಿರ್ಣಯವು ಆಕಾಶದ ಮಸ್ಕಿ ಶಾಸನವೆನಿಸಿತು. ಸಾಧಾರಣ ಮಹಾನವ್ಯಗಳಿಗಿಂತ ಹತ್ತರಿಂದ ನೂರು ಪಟ್ಟು ಹೆಚ್ಚು ಬೆಳಗುವ ಈ ಕುಲಕ್ಕೆ ಅತಿಪ್ರಭ ಮಹಾನವ್ಯಗಳೆಂಬ ಹೆಸರು ಸಲ್ಲುತ್ತದೆ.

ಕುಲ ತಿಳಿದ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ. ಇಷ್ಟು ಬೆಳಕು ಎಲ್ಲಿಂದ ಬರುತ್ತದೆ? ಒಂದೇ ಮೂಲದಿಂದಲೋ, ಹಲವು ಮೂಲಗಳಿಂದಲೋ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ನೆನಪಿಡತಕ್ಕದ್ದು. ಪ್ರಭೆ ಒಂದೇ ಆದರೂ ಅದರ ಬುಡದಲ್ಲಿರುವ ಕಾರಣಗಳು ಬೇರೆ ಬೇರೆ ಇರಬಹುದು. ಅವುಗಳನ್ನು ಬೇರ್ಪಡಿಸಿ ತಿಳಿಯುವ ಬಗೆ ಯಾವುದೆಂಬುದೇ ಈ ಲೇಖನದ ವಿಷಯ.

ಸಾಧಾರಣ ಮಹಾನವ್ಯ

ಸೂರ್ಯನಿಗಿಂತ ಎಂಟು ಮಡಿಗೂ ಹೆಚ್ಚು ದ್ರವ್ಯರಾಶಿಯುಳ್ಳ ನಕ್ಷತ್ರದ ಗರ್ಭದಲ್ಲಿ ಜಲಜನಕವು ಹೀಲಿಯಮ್ಮಾಗಿ, ಹೀಲಿಯಮ್ಮು ಇಂಗಾಲವಾಗಿ, ಹಂತಹಂತವಾಗಿ ಕಡೆಗೆ ಕಬ್ಬಿಣವಾಗಿ ಪರಿಣಮಿಸುತ್ತದೆ. ಪ್ರತಿ ಹಂತದಲ್ಲಿಯೂ ಹೊಮ್ಮುವ ಶಾಖವು ನಕ್ಷತ್ರವನ್ನು ತನ್ನ ಭಾರಕ್ಕೆ ತಾನೇ ಕುಸಿಯದಂತೆ ಎತ್ತಿ ಹಿಡಿಯುತ್ತದೆ. ಕಬ್ಬಿಣದಿಂದ ಮಾತ್ರ ಮುಂದೆ ಶಕ್ತಿ ಹೊರಡದು. ಅಲ್ಲಿಗೆ ಆಧಾರ ತಪ್ಪಿ, ಭೂಮಿಗೆ ಹೋಲಿಸಬಹುದಾದ ಗಾತ್ರದ ಕಬ್ಬಿಣದ ಗರ್ಭವು ಒಂದು ಸೆಕೆಂಡಿಗೂ ಕಡಿಮೆ ಕಾಲದಲ್ಲಿ ಕುಸಿಯುತ್ತದೆ. ಉಳಿಯುವುದು ಹತ್ತು ಹನ್ನೆರಡು ಕಿಲೋಮೀಟರು ತ್ರಿಜ್ಯದ ಅತಿಸಾಂದ್ರ ಗೋಲ. ಅದೇ ನ್ಯೂಟ್ರಾನ್ ನಕ್ಷತ್ರ. ಮಹಾನವ್ಯಗಳಿಗೂ ನ್ಯೂಟ್ರಾನ್ ನಕ್ಷತ್ರಗಳಿಗೂ ಇರುವ ಈ ಸಂಬಂಧವನ್ನು ವಾಲ್ಟರ್ ಬಾಡೆ ಮತ್ತು ಫ್ರಿಟ್ಸ್ ಜ್ವಿಕಿ ಎಂಬವರು ೧೯೩೪ರಲ್ಲಿಯೇ ಸೂಚಿಸಿದ್ದರು.

ಮಹಾನವ್ಯವಾಗುವ ಮತ್ತೊಂದು ಬಗೆಯುಂಟು. ಸೂರ್ಯನಂಥ ನಕ್ಷತ್ರಗಳು ಮುಪ್ಪಿನಲ್ಲಿ ಶ್ವೇತಕುಬ್ಜಗಳಾಗುತ್ತವೆ. ಶ್ವೇತಕುಬ್ಜದ ದ್ರವ್ಯರಾಶಿಗೆ ಒಂದು ಮೇರೆಯಿದೆಯೆಂದು ಸುಬ್ರಹ್ಮಣ್ಯನ್ ಚಂದ್ರಶೇಖರರು ೧೯೩೦ರಲ್ಲಿ, ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಗಣಿಸಿದರು. ಆ ಮೇರೆ ಸೂರ್ಯನ ಸುಮಾರು ೧.೪ ಮಡಿ. ಜೊತೆಯ ನಕ್ಷತ್ರದಿಂದ ದ್ರವ್ಯವನ್ನು ಪಡೆದು ಈ ಮೇರೆಯನ್ನು ಸಮೀಪಿಸಿದ ಶ್ವೇತಕುಬ್ಜವು ಇಡಿಯಾಗಿ ಉರಿದು ಸಿಡಿಯಬಲ್ಲದು. ಅಂಥ ಸ್ಫೋಟದ ಉತ್ಕರ್ಷದಲ್ಲಿ ಪ್ರಭೆ ನಾನೂರು ಐನೂರು ಕೋಟಿ ಸೂರ್ಯರಿಗೆ ಸಮನಾಗುತ್ತದೆ. ಸಾಧಾರಣವೆನಿಸಿದ ಮಹಾನವ್ಯಗಳಲ್ಲಿ ಇವೇ ಅತ್ಯಂತ ಉಜ್ಜ್ವಲವಾದುವು.

ಹತ್ತು ಸಾವಿರ ರೂಪಾಯಿಯ ಜಮಾ-ಖರ್ಚು

ನಕ್ಷತ್ರದ ಗರ್ಭ ಕುಸಿದಾಗ ಬಿಡುಗಡೆಯಾಗುವ ಶಕ್ತಿಯನ್ನು ಹತ್ತು ಸಾವಿರ ರೂಪಾಯಿಯೆಂದು ಕಲ್ಪಿಸಿ ಕಿರ್ದಿ ಬರೆದರೆ ವಿಷಯ ಸುಲಭವಾಗಿ ಮನದಟ್ಟಾಗುತ್ತದೆ. ಅದರಲ್ಲಿ ಸುಮಾರು ೯,೯೦೦ ರೂಪಾಯಿ ನ್ಯೂಟ್ರಿನೋ ಎಂಬ ಕಣಗಳ ಪಾಲು. ಈ ಕಣಗಳು ದ್ರವ್ಯವನ್ನು ಸೋಂಕಿಯೂ ಸೋಂಕದಂತೆ ಹಾಯ್ದುಹೋಗುತ್ತವೆ. ಇವುಗಳ ಬೇಟೆಗೆ ಕರ್ನಾಟಕದ ನೆಲವೂ ನೆರವಾಗಿದೆ: ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ೧೯೬೫ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಪತ್ತೆಹಚ್ಚಲಾಯಿತು. ಉಳಿದ ನೂರು ರೂಪಾಯಿಗಳ ಬಹುಭಾಗ ನಕ್ಷತ್ರದ ಹೊರಪದರಗಳನ್ನು ಸೆಕೆಂಡಿಗೆ ಹತ್ತು ಸಾವಿರ ಕಿಲೋಮೀಟರಿನಂಥ ವೇಗದಲ್ಲಿ ಎಸೆಯುವುದಕ್ಕೆ ವೆಚ್ಚವಾಗುತ್ತದೆ. ಬೆಳಕಿನ ಪಾಲಿಗೆ ಬರುವುದು ಒಂದು ರೂಪಾಯಿ. ಹಲವೊಮ್ಮೆ ಅದಕ್ಕೂ ಕಡಿಮೆ. ಆ ಒಂದು ರೂಪಾಯಿಯೇ ಇಡೀ ಗೆಲಕ್ಸಿಯ ಬೆಳಕಿಗೆ ಸರಿಗಟ್ಟಬಲ್ಲದು.

ಈ ಲೆಕ್ಕ ಕೇವಲ ಕಾಗದದ ಮೇಲಿನದಲ್ಲ. ೧೯೮೭ರ ಫೆಬ್ರುವರಿಯಲ್ಲಿ ದೊಡ್ಡ ಮೆಗೆಲನ್ ಮೇಘದಲ್ಲಿ, ಒಂದು ಲಕ್ಷ ಅರವತ್ತು ಸಾವಿರ ಜ್ಯೋತಿರ್ವರ್ಷಗಳಿಗೂ ಆಚೆ, ಬರಿಗಣ್ಣಿಗೆ ಕಾಣುವ ಮಹಾನವ್ಯವೊಂದು ಹೊಳೆಯಿತು. ಸಿಂಧನೂರು, ಲಿಂಗಸುಗೂರುಗಳ ಅಕ್ಷಾಂಶದಿಂದ ನೋಡುವವರಿಗೆ ಅದು ತೆಂಕಣ ದಿಗಂತದಿಂದ ಐದು ಡಿಗ್ರಿ ಸಹ ಮೇಲೇರಲಿಲ್ಲ. ಜಪಾನ್, ಅಮೆರಿಕ ಮತ್ತು ಸೋವಿಯತ್ ದೇಶಗಳ ಭೂಗರ್ಭದ ಉಪಕರಣಗಳು ಆ ಸ್ಫೋಟದ ಸುಮಾರು ಎರಡು ಡಜನ್ ನ್ಯೂಟ್ರಿನೋಗಳನ್ನು ಹಿಡಿದುವು. ಅವುಗಳಿಂದ ಗಣಿಸಿದ ಒಟ್ಟು ಶಕ್ತಿಯು ಕಿರ್ದಿಯಲ್ಲಿ ಬರೆದಿದ್ದ ಮೊತ್ತಕ್ಕೆ ತಾಳೆಯಾಯಿತು.

ಅತಿಪ್ರಭ ಮಹಾನವ್ಯಗಳಲ್ಲಿ ಬೆಳಕಿನ ಬಾಬ್ತು ಒಂದು ರೂಪಾಯಿಗೆ ನಿಲ್ಲದೆ ಹತ್ತಾರು ರೂಪಾಯಿಗೆ ಏರುತ್ತದೆ. ಈ ಹೆಚ್ಚಿನ ಹಣ ಯಾವ ಖಾತೆಯಿಂದ ಬಂದಿತು? ನ್ಯೂಟ್ರಿನೋಗಳ ಖಾತೆ ಮೊದಲ ಕೆಲವು ಸೆಕೆಂಡುಗಳಲ್ಲಿಯೇ ಬರಿದಾಗಿರುತ್ತದೆ. ಹಾಗಾದರೆ ಬೇರೊಂದು ಖಾತೆ ಇರಲೇಬೇಕು.

ಮೊತ್ತದಷ್ಟೇ ಮುಖ್ಯವಾದ ಹೊತ್ತು

ಉತ್ತರವನ್ನು ಹುಡುಕುವ ಮುನ್ನ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಶಕ್ತಿ ಎಷ್ಟು ದೊರೆಯಿತೆಂಬುದೊಂದೇ ಇಲ್ಲಿಯ ಪ್ರಶ್ನೆಯಲ್ಲ. ಯಾವಾಗ ದೊರೆಯಿತೆಂಬುದೂ ಅಷ್ಟೇ ಮುಖ್ಯ. ಸಿಂಧನೂರಿನ ಬತ್ತದ ಸೀಮೆಯ ರೈತನಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆಯ ಕಾಲುವೆಯಲ್ಲಿ, ನೆಲ ಹದಮಾಡುವ ಮೊದಲೇ ನೀರು ಹರಿದುಬಂದರೆ ಅದು ಹಳ್ಳ ಸೇರುತ್ತದೆ. ಅದೇ ನೀರು ತೆನೆ ಹಾಲುಗಟ್ಟುವ ಹೊತ್ತಿಗೆ ದೊರೆತರೆ ಕಾಳು ತುಂಬುತ್ತದೆ. ನೀರಿನ ಮೊತ್ತ ಎರಡು ಸಲವೂ ಒಂದೇ. ಫಲ ಮಾತ್ರ ಬೇರೆ.

ಸಿಡಿದ ನಕ್ಷತ್ರದಲ್ಲಿಯೂ ಹೀಗೆಯೇ. ಮೊದಲ ದಿನಗಳಲ್ಲಿ ಚಿಮ್ಮಿದ ದ್ರವ್ಯವು ಬಹು ಸಾಂದ್ರವಾಗಿರುವುದರಿಂದ ಬೆಳಕು ಹೊರಬರಲಾರದು. ಒಳಗೆ ಸಿಕ್ಕಿಕೊಂಡ ಶಾಖವು ಮೋಡವನ್ನು ಹಿಗ್ಗಿಸುವ ಕೆಲಸದಲ್ಲಿಯೇ ಸವೆದುಹೋಗುತ್ತದೆ. ಮೋಡದ ತ್ರಿಜ್ಯ ಮೂವತ್ತು ಮಡಿ ಹಿಗ್ಗಿದರೆ ಅದರೊಳಗೆ ತುಂಬಿದ್ದ ವಿಕಿರಣದ ಶಕ್ತಿ ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಮೊದಲ ದಿನದ ಶಾಖದಲ್ಲಿ ಮೂವತ್ತನೆಯ ದಿನಕ್ಕೆ ಉಳಿಯುವುದು ಅತ್ಯಲ್ಪ. ಮೋಡವು ಸಾಕಷ್ಟು ಹಿಗ್ಗಿ ತಿಳಿಯಾಗುತ್ತಿರುವಾಗ, ಅಂದರೆ ಸ್ಫೋಟವಾಗಿ ವಾರಗಳು ಕಳೆದ ಮೇಲೆ, ಒಳಗಿನಿಂದಲೋ ಹೊರಗಿನಿಂದಲೋ ಹೊಸದಾಗಿ ಶಕ್ತಿ ಒದಗಿದರೆ ಮಾತ್ರ ಅದು ಬೆಳಕಾಗಿ ಹೊರಬೀಳುತ್ತದೆ. ಅತಿಪ್ರಭೆಗೆ ಹೇಳುವ ಯಾವ ಕಾರಣವೇ ಆಗಲಿ, ಮೊತ್ತ ಹೊತ್ತು ಎರಡಕ್ಕೂ ಹೊಂದಬೇಕು. ಹಾಗೆ ಹೊಂದುವ ಮೂರು ಕಾರಣಗಳನ್ನು ವಿಜ್ಞಾನಿಗಳು ಮುಖ್ಯವಾಗಿ ಪರಿಶೀಲಿಸಿದ್ದಾರೆ.

ಮೊದಲನೆಯದು: ನಿಕಲ್ಲಿನ ಕ್ಷಯ

ಸ್ಫೋಟದ ತಾಪದಲ್ಲಿ ನಿಕಲ್-೫೬ ಎಂಬ ವಿಕಿರಣಶೀಲ ಧಾತು ಹುಟ್ಟುತ್ತದೆ. ಸುಮಾರು ಆರು ದಿನಗಳಲ್ಲಿ ಅದರ ಅರ್ಧಭಾಗ ಕೋಬಾಲ್ಟ್-೫೬ ಆಗಿ ಮಾರ್ಪಡುತ್ತದೆ. ಕೋಬಾಲ್ಟಿನ ಅರ್ಧಭಾಗ ಸುಮಾರು ೭೭ ದಿನಗಳಲ್ಲಿ ಸ್ಥಿರವಾದ ಕಬ್ಬಿಣವಾಗುತ್ತದೆ. ಈ ಕ್ಷಯದಲ್ಲಿ ಹೊಮ್ಮುವ ಶಕ್ತಿಯೇ ಹಲವು ಸಾಧಾರಣ ಮಹಾನವ್ಯಗಳ ಬೆಳಕಿನ ಆಧಾರ. ೧೯೮೭ರ ಮಹಾನವ್ಯದ ಬೆಳಕು ನಾಲ್ಕು ತಿಂಗಳ ತರುವಾಯ ಸರಿಯಾಗಿ ೭೭ ದಿನಗಳ ಅರ್ಧಾಯುವಿನ ಲೆಕ್ಕದಲ್ಲಿಯೇ ಇಳಿಯಿತು. ಅದರಲ್ಲಿ ಹುಟ್ಟಿದ್ದ ನಿಕಲ್ ಸೂರ್ಯನ ತೂಕದ ನೂರರಲ್ಲಿ ಏಳು ಪಾಲು ಮಾತ್ರ.

ಅತಿಪ್ರಭ ಮಹಾನವ್ಯವನ್ನು ಇದೇ ಇಂಧನದಿಂದ ಬೆಳಗಿಸಬೇಕಾದರೆ ಸೂರ್ಯನ ಐದು, ಹತ್ತು ಮಡಿ ತೂಕದ ನಿಕಲ್ ಬೇಕಾಗುತ್ತದೆ. ಹಲವು ಸ್ಫೋಟಗಳಲ್ಲಿ ಚಿಮ್ಮಿದ ದ್ರವ್ಯದ ಒಟ್ಟು ತೂಕವೇ ಅಷ್ಟರೊಳಗಿದೆ. ಒಲೆಯಲ್ಲಿಟ್ಟ ಸೌದೆಗಿಂತ ಹೆಚ್ಚು ಕೆಂಡ ದೊರೆಯಿತೆಂದರೆ ಯಾರೂ ಒಪ್ಪರು. ಅಲ್ಲದೆ ಅಷ್ಟು ನಿಕಲ್ ಇದ್ದಿದ್ದರೆ ಬೆಳಕು ನಿಧಾನವಾಗಿ ಇಳಿಯಬೇಕಾಗಿತ್ತು. ಇವುಗಳಲ್ಲಿ ಬಹುಪಾಲು ಬೇಗನೆ ಮಂಕಾಗುತ್ತವೆ. ಹೀಗೆ ಮೊತ್ತವೂ ತಪ್ಪಿತು, ಹೊತ್ತೂ ತಪ್ಪಿತು.

ಆದರೂ ಈ ಕಾರಣವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಸೂರ್ಯನ ೧೪೦ರಿಂದ ೨೬೦ ಮಡಿ ದ್ರವ್ಯರಾಶಿಯ ಮಹಾಕಾಯ ನಕ್ಷತ್ರಗಳಲ್ಲಿ, ಗರ್ಭದ ತಾಪ ಮಿತಿಮೀರಿ ಬೆಳಕೇ ಇಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳಾಗಿ ಮಾರ್ಪಡುವುದರಿಂದ ಒತ್ತಡ ಕುಂದಿ, ನಕ್ಷತ್ರವು ಕುಸಿದು, ಮರುಕ್ಷಣ ಉರಿದು ನಿಶ್ಶೇಷವಾಗಿ ಸಿಡಿಯಬಹುದೆಂದು ೧೯೬೭ರಲ್ಲಿಯೇ ಪ್ರತಿಪಾದಿಸಲಾಗಿತ್ತು. ಅಂಥದರಲ್ಲಿ ಬೇಕಾದಷ್ಟು ನಿಕಲ್ ಹುಟ್ಟೀತು. ೨೦೧೮ ಐ.ಬಿ.ಬಿ. ಎಂಬ ನಿಧಾನಗತಿಯ ಮಹಾನವ್ಯವು ಈ ಬಗೆಗೆ ಅತ್ಯಂತ ಸಮೀಪದ ಉದಾಹರಣೆಯೆಂದು ಪರಿಗಣಿತವಾಗಿದೆ. ಆದರೆ ಇಂಥವು ಅತಿ ವಿರಳ. ಇಡೀ ಕುಲಕ್ಕೆ ಈ ಒಂದು ವಿವರಣೆ ಸಾಲದು.

ಎರಡನೆಯದು: ಹಳೆಯ ಕವಚಕ್ಕೆ ಹೊಸ ಡಿಕ್ಕಿ

ಕಿರ್ದಿಯಲ್ಲಿ ಚಲನೆಯ ಬಾಬ್ತಿಗೆ ನೂರು ರೂಪಾಯಿಯ ಹತ್ತಿರ ಬರೆದಿದ್ದುದನ್ನು ಸ್ಮರಿಸಬೇಕು. ಆ ಹಣದಲ್ಲಿ ಸ್ವಲ್ಪ ಭಾಗವನ್ನು ಬೆಳಕಿನ ಖಾತೆಗೆ ವರ್ಗಾಯಿಸಲು ಸಾಧ್ಯವಾದರೆ ಅತಿಪ್ರಭೆಗೆ ಅದೇ ಸಾಕು. ಸ್ಫೋಟಕ್ಕೆ ಹಲವು ವರ್ಷ ಅಥವಾ ದಶಕಗಳ ಮುಂಚೆ ನಕ್ಷತ್ರವು ತನ್ನ ಹೊರಪದರವನ್ನು ಕಳಚಿ ಸುತ್ತಲೂ ಹರಡಿದ್ದರೆ, ಆ ಕವಚಕ್ಕೆ ಹೊಸದಾಗಿ ಚಿಮ್ಮಿದ ದ್ರವ್ಯವು ಡಿಕ್ಕಿ ಹೊಡೆದು ವೇಗವನ್ನು ಕಳೆದುಕೊಳ್ಳುತ್ತದೆ. ಕಳೆದ ವೇಗವು ಶಾಖವಾಗಿ, ಬೆಳಕಾಗಿ ಹೊಮ್ಮುತ್ತದೆ. ಇಳಿಜಾರಿನಲ್ಲಿ ಬ್ರೇಕು ಹಾಕಿದ ಬಂಡಿಯ ಗಾಲಿ ಬಿಸಿಯಾಗುವುದೂ ಇದೇ ನಿಯಮದಿಂದ. ಕವಚವು ದೂರದಲ್ಲಿರುವುದರಿಂದ ಈ ವರ್ಗಾವಣೆ ತಡವಾಗಿ, ಎಂದರೆ ತಕ್ಕ ಹೊತ್ತಿನಲ್ಲಿಯೇ, ನಡೆಯುತ್ತದೆ.

೨೦೦೬ರ ಸೆಪ್ಟೆಂಬರಿನಲ್ಲಿ ಸುಮಾರು ೨೪ ಕೋಟಿ ಜ್ಯೋತಿರ್ವರ್ಷಗಳ ದೂರದ ಗೆಲಕ್ಸಿಯೊಂದರಲ್ಲಿ ಕಂಡ ೨೦೦೬ ಜಿ.ವೈ. ಎಂಬ ಮಹಾನವ್ಯವು ಉತ್ಕರ್ಷಕ್ಕೇರಲು ಸುಮಾರು ಎಪ್ಪತ್ತು ದಿನ ತೆಗೆದುಕೊಂಡಿತು. ಮಹಾಕಾಯ ನಕ್ಷತ್ರವೇ ಸಿಡಿದಿರಬೇಕೆಂದು ಮೊದಲು ಹಲವರು ಭಾವಿಸಿದ್ದರು. ಸ್ಫೋಟವಾಗಿ ಒಂದು ವರ್ಷದ ಮೇಲೆ ತೆಗೆದ ಅದರ ರೋಹಿತದಲ್ಲಿ ಕೆಲವು ಗೆರೆಗಳು ಗುರುತು ಸಿಗದೆ ಉಳಿದಿದ್ದುವು. ಅವು ಕಬ್ಬಿಣದ ಗೆರೆಗಳೆಂದು ೨೦೨೦ರಲ್ಲಿ ಆಂಡರ್ಸ್ ಯೆರ್ಕ್‌ಸ್ಟ್ರಾಂಡ್ ಮತ್ತು ಅವನ ಜಪಾನೀ ಸಹೋದ್ಯೋಗಿಗಳು ತೋರಿಸಿದರು. ಅಷ್ಟೊಂದು ಕಬ್ಬಿಣ ಹುಟ್ಟಬೇಕಾದರೆ ಸಿಡಿದದ್ದು ಶ್ವೇತಕುಬ್ಜವಾಗಿರಬೇಕು. ಅದು ಸೂರ್ಯನ ಸುಮಾರು ಹತ್ತು ಮಡಿ ತೂಕದ ಜಲಜನಕದ ಕವಚಕ್ಕೆ ಬಡಿದಿರಬೇಕು ಎಂಬುದು ಅವರ ನಿರ್ಣಯ. ಹದಿಮೂರು ವರ್ಷ ಓದದೆ ಉಳಿದಿದ್ದ ಗೆರೆಗಳು ಸ್ಫೋಟದ ಕಥೆಯನ್ನೇ ಬದಲಿಸಿದುವು. ಜಲಜನಕದ ಕಿರಿದಾದ ಗೆರೆಗಳನ್ನು ತೋರುವ ಅತಿಪ್ರಭ ಮಹಾನವ್ಯಗಳಿಗೆ ಈ ಎರಡನೆಯ ಕಾರಣವೇ ಮುಖ್ಯವೆಂಬ ಅಭಿಪ್ರಾಯ ಬಲವಾಗಿದೆ.

ಮೂರನೆಯದು: ತಿರುಗುವ ಕಾಂತಚಕ್ರ

ಜಲಜನಕದ ಸುಳಿವೇ ಇಲ್ಲದ ಅತಿಪ್ರಭ ಮಹಾನವ್ಯಗಳಿಗೆ ಬೇರೆ ವಿವರಣೆ ಬೇಕಾಯಿತು. ೨೦೧೦ರಲ್ಲಿ ಡೇನಿಯಲ್ ಕೇಸನ್ ಮತ್ತು ಲಾರ್ಸ್ ಬಿಲ್ಡ್‌ಸ್ಟನ್ ಜೊತೆಯಾಗಿಯೂ, ಸ್ಟಾನ್ ವೂಸ್ಲಿ ಪ್ರತ್ಯೇಕವಾಗಿಯೂ ಅದನ್ನು ಮಂಡಿಸಿದರು. ಸ್ಫೋಟದ ಬಳಿಕ ಉಳಿಯುವ ನ್ಯೂಟ್ರಾನ್ ನಕ್ಷತ್ರವೇ ಆ ಗುಪ್ತ ಖಾತೆ.

ತಿರುಗುವ ವಸ್ತು ಕುಗ್ಗಿದರೆ ಅದರ ವೇಗ ಹೆಚ್ಚುತ್ತದೆ. ಭೂಗಾತ್ರದ ಗರ್ಭವು ಒಂದು ಊರಿನಷ್ಟಾಗಿ ಕುಗ್ಗಿದಾಗ ಅದು ಸೆಕೆಂಡಿಗೆ ನೂರಾರು ಸುತ್ತು ತಿರುಗಬಹುದು. ಸೆಕೆಂಡಿಗೆ ಐನೂರು ಸುತ್ತು ತಿರುಗುವ ನ್ಯೂಟ್ರಾನ್ ನಕ್ಷತ್ರದ ಪರಿಭ್ರಮಣದಲ್ಲಿಯೇ, ಹಿಂದಿನ ಕಿರ್ದಿಯ ಲೆಕ್ಕದಲ್ಲಿ, ಸುಮಾರು ಇನ್ನೂರು ರೂಪಾಯಿ ಕೂಡಿರುತ್ತದೆ. ಹಿಟ್ಟಿನ ಗಿರಣಿಯ ಎಣ್ಣೆ ಎಂಜಿನ್ನನ್ನು ನಿಲ್ಲಿಸಿದ ಮೇಲೂ ಅದರ ಭಾರವಾದ ಗಾಲಿ ಕೆಲಹೊತ್ತು ತಿರುಗುತ್ತಲೇ ಇರುವುದನ್ನು ಎಲ್ಲರೂ ಬಲ್ಲರು. ಆ ಗಾಲಿಯಲ್ಲಿ ಕೂಡಿಟ್ಟ ಶಕ್ತಿಯನ್ನು ಹೊರತೆಗೆಯಲು ಬ್ರೇಕು ಬೇಕು. ಇಲ್ಲಿ ಬ್ರೇಕಿನ ಕೆಲಸವನ್ನು ಮಾಡುವುದು ಕಾಂತಕ್ಷೇತ್ರ. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗೌಸ್. ಮ್ಯಾಗ್ನೆಟಾರ್ ಎಂದು ಹೆಸರಾದ ಈ ನ್ಯೂಟ್ರಾನ್ ನಕ್ಷತ್ರಗಳಲ್ಲಿ ಅದು ಒಂದು ಕೋಟಿ ಕೋಟಿಯ ಅಂದರೆ ಒಂದರ ಮುಂದೆ ಹದಿನಾಲ್ಕು ಸೊನ್ನೆಗಳ ಗೌಸ್ ಮಟ್ಟದ್ದು. ಕ್ಷೇತ್ರವು ತೀರ ಪ್ರಬಲವಾಗಿದ್ದರೆ ಚಕ್ರವು ಕೆಲವು ನಿಮಿಷ, ಗಂಟೆಗಳಲ್ಲಿಯೇ ನಿಧಾನವಾಗಿ ಶಕ್ತಿಯೆಲ್ಲ ಹಳ್ಳ ಸೇರಿದ ಕಾಲುವೆ ನೀರಿನಂತೆ ವ್ಯರ್ಥವಾಗುತ್ತದೆ. ತೀರ ದುರ್ಬಲವಾಗಿದ್ದರೆ ಶತಮಾನಗಳವರೆಗೆ ಸೋರುತ್ತದೆ. ನಡುವಣ ಬಲದ ಕ್ಷೇತ್ರವು ಶಕ್ತಿಯನ್ನು ದಿನ, ವಾರಗಳ ಅವಧಿಯಲ್ಲಿ ಬಿಟ್ಟುಕೊಡುತ್ತದೆ. ಮೊತ್ತವೂ ಕೂಡಿತು, ಹೊತ್ತೂ ಕೂಡಿತು.

ಈ ತತ್ತ್ವದ ಸೌಮ್ಯರೂಪವು ಇಂದಿಗೂ ಆಕಾಶದಲ್ಲಿದೆ. ೧೦೫೪ರ ಜುಲೈಯಲ್ಲಿ, ಕಲ್ಯಾಣದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ಆಳುತ್ತಿದ್ದ ಕಾಲದಲ್ಲಿ, ವೃಷಭರಾಶಿಯಲ್ಲಿ ಹೊಳೆದು ೨೩ ದಿನ ಹಗಲಿನಲ್ಲಿಯೂ ಕಂಡ ಮಹಾನವ್ಯವನ್ನು ಚೀನದ ಜ್ಯೋತಿಷಿಗಳು ದಾಖಲಿಸಿದ್ದಾರೆ. ಅದರ ಅವಶೇಷವೇ ಏಡಿ ನೀಹಾರಿಕೆ. ಅದರ ನಡುವೆ ಸೆಕೆಂಡಿಗೆ ಸುಮಾರು ಮೂವತ್ತು ಸುತ್ತು ತಿರುಗುವ ನ್ಯೂಟ್ರಾನ್ ನಕ್ಷತ್ರವಿದೆ. ಅದ್ಭುತವೆಂದರೆ, ಸಾವಿರ ವರ್ಷಗಳಿಗೆ ಸಮೀಪಿಸುತ್ತಿರುವ ಆ ನೀಹಾರಿಕೆ ಇನ್ನೂ ಬೆಳಗುತ್ತಿರುವುದು ಆ ಚಕ್ರ ನಿಧಾನವಾಗುತ್ತ ಬಿಟ್ಟುಕೊಡುವ ಶಕ್ತಿಯಿಂದಲೇ. ಇದೇ ಕ್ರಿಯೆ ಹತ್ತಾರು ಪಟ್ಟು ವೇಗದ ಚಕ್ರದಲ್ಲಿ, ಎಷ್ಟೋ ಪಟ್ಟು ಬಲದ ಕಾಂತಕ್ಷೇತ್ರದೊಡನೆ, ಸ್ಫೋಟದ ಮೋಡವಿನ್ನೂ ದಟ್ಟವಾಗಿರುವಾಗಲೇ ನಡೆದರೆ ದೊರೆಯುವುದು ಅತಿಪ್ರಭೆ.

ನಿರ್ಣಯದ ಒರೆಗಲ್ಲು

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯಿಂದ ಹೊರಬಂದ ಲೋಹವನ್ನು ಅದರ ಹೊಳಪನ್ನು ಕಂಡು ಯಾರೂ ಚಿನ್ನವೆಂದು ಒಪ್ಪುವುದಿಲ್ಲ. ಒರೆಗೆ ಹಚ್ಚಿ ನೋಡುತ್ತಾರೆ. ಮಹಾನವ್ಯಗಳಿಗೆ ಒರೆಗಲ್ಲು ಅವುಗಳ ಉತ್ಕರ್ಷವಲ್ಲ, ಇಳಿತ. ಕೋಬಾಲ್ಟಿನ ಬೆಳಕು ಪ್ರತಿ ೭೭ ದಿನಕ್ಕೆ ಅರ್ಧವಾಗುತ್ತ ಹೋಗುತ್ತದೆ. ಕಾಂತಚಕ್ರದ ಶಕ್ತಿಯಾದರೋ ಬೇರೆ ನಿಯಮವನ್ನು ಅನುಸರಿಸುತ್ತದೆ: ಸ್ಫೋಟದಿಂದ ಕಳೆದ ಕಾಲ ಎರಡು ಮಡಿಯಾದಾಗ ಅದು ನಾಲ್ಕರಲ್ಲಿ ಒಂದು ಪಾಲಾಗುತ್ತದೆ.

ಇನ್ನೂರನೆಯ ದಿನ ಎರಡರ ಬೆಳಕೂ ೧೦೦ ಎಂದಿಟ್ಟುಕೊಂಡರೆ, ನಾನೂರನೆಯ ದಿನಕ್ಕೆ ಕೋಬಾಲ್ಟಿನದು ಸುಮಾರು ೧೬, ಚಕ್ರದ್ದು ೨೫. ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಎರಡನ್ನೂ ಒಂದೆಂದು ಭ್ರಮಿಸುವುದು ಸುಲಭ. ಎಂಟುನೂರನೆಯ ದಿನಕ್ಕಾದರೋ ಕೋಬಾಲ್ಟಿನದು ಅರ್ಧಕ್ಕಿಂತಲೂ ಕಡಿಮೆ, ಚಕ್ರದ್ದು ೬ಕ್ಕೂ ಹೆಚ್ಚು. ಅಂತರವೀಗ ಹತ್ತು ಪಟ್ಟಿಗೂ ಮಿಕ್ಕಿದ್ದು. ಆದುದರಿಂದ ಸತ್ಯವನ್ನು ತಿಳಿಯಬೇಕಾದವನು ಬೆಳಕು ಮಂಕಾಗಿ, ಲೋಕದ ಕುತೂಹಲ ತಣಿದ ಮೇಲೂ ಕಾದು ಕುಳಿತು ಅಳೆಯಬೇಕು. ಮ್ಯಾಟ್ ನಿಕೊಲ್ ಮತ್ತು ಸಂಗಡಿಗರು ೨೦೧೫ ಬಿ.ಎನ್. ಎಂಬ ಮಹಾನವ್ಯವನ್ನು ಸಾವಿರ ದಿನಗಳವರೆಗೆ ಹಿಂಬಾಲಿಸಿ, ಅದು ಚಕ್ರದ ನಿಯಮದಂತೆ ನಿಧಾನವಾಗಿ ಇಳಿಯಿತೆಂದು ೨೦೧೮ರಲ್ಲಿ ತೋರಿಸಿಕೊಟ್ಟರು.

ಆದರೂ ಎಲ್ಲವೂ ತಿಳಿದಂತಾಗಿಲ್ಲ. ಹಲವು ಅತಿಪ್ರಭ ಮಹಾನವ್ಯಗಳ ಬೆಳಕು ಸಮವಾಗಿ ಇಳಿಯದೆ ನಡುನಡುವೆ ಉಬ್ಬುತ್ತದೆ. ಕೆಲವರು ಇದಕ್ಕೆ ಹಳೆಯ ಕವಚಗಳ ಡಿಕ್ಕಿಯನ್ನು ಕಾರಣವಾಗಿ ಹೇಳಿದರೆ, ಕೆಲವರು ಚಕ್ರದ ಏರುಪೇರನ್ನು ಹೇಳುತ್ತಾರೆ. ೨೦೨೪ರಲ್ಲಿ ಕಂಡ ೨೦೨೪ ಎ.ಎಫ್.ಎ.ವಿ. ಎಂಬುದರಲ್ಲಿ ಉಬ್ಬುಗಳ ನಡುವಣ ಅಂತರ ಒಂದೇ ಸಮನೆ ಕಿರಿದಾಗುತ್ತ ಬಂದಿತು. ಮ್ಯಾಗ್ನೆಟಾರಿನ ಸುತ್ತ ಓರೆಯಾಗಿ ಸುತ್ತುವ ದ್ರವ್ಯದ ತಟ್ಟೆಯೊಂದು ಬುಗುರಿಯಂತೆ ತಲೆದೂಗುತ್ತಿದೆಯೆಂದೂ, ತಿರುಗುವ ನಕ್ಷತ್ರವು ತನ್ನ ಸುತ್ತಲಿನ ಆಕಾಶವನ್ನೇ ಎಳೆದುಕೊಂಡು ತಿರುಗಿಸುತ್ತದೆಂಬ ಐನ್‌ಸ್ಟೈನ್ ಸಿದ್ಧಾಂತದ ಪರಿಣಾಮವೇ ಇದಕ್ಕೆ ಕಾರಣವೆಂದೂ ಜೋಸೆಫ್ ಫರಾ ಮತ್ತು ಸಂಗಡಿಗರು ವಿವರಿಸಿದ್ದಾರೆ. ಒಂದು ಮಹಾನವ್ಯದ ಈ ಸಾಕ್ಷ್ಯವು ಇತರವುಗಳಲ್ಲಿಯೂ ದೊರೆತಾಗಲೇ ಅದು ಮಸ್ಕಿಯ ಬಂಡೆಯಷ್ಟು ಗಟ್ಟಿಯಾದೀತು.

ಹಾನ್ಲೆಯಿಂದ ಹೊಸಕೋಟೆಗೆ

ಇದೆಲ್ಲ ದೂರದೇಶಗಳ ವಿಜ್ಞಾನಿಗಳ ಕೆಲಸವೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು ೪,೫೦೦ ಮೀಟರ್ ಎತ್ತರದಲ್ಲಿ, ಎರಡು ಮೀಟರ್ ದರ್ಪಣದ ದೂರದರ್ಶಕವನ್ನು ಸ್ಥಾಪಿಸಿದೆ. ೨೦೦೦ದಲ್ಲಿ ಮೊದಲ ಬೆಳಕು ಕಂಡ ಅದಕ್ಕೆ ಚಂದ್ರಶೇಖರರ ಗೌರವಾರ್ಥ ಹಿಮಾಲಯನ್ ಚಂದ್ರ ದೂರದರ್ಶಕವೆಂದು ಹೆಸರು. ವಿರಳವಾಯುವಿನ ಆ ಶೀತಭೂಮಿಯಲ್ಲಿ ವಿಜ್ಞಾನಿಗಳೇ ಕುಳಿತಿರಬೇಕಾಗಿಲ್ಲ. ಬೆಂಗಳೂರಿನ ಸಮೀಪದ ಹೊಸಕೋಟೆಯ ಕೇಂದ್ರದಿಂದ ಉಪಗ್ರಹದ ಸಂಪರ್ಕದ ಮೂಲಕ ಅದನ್ನು ನಡೆಸುತ್ತಾರೆ. ಆಕಾಶದ ಶಾಸನಗಳು ಹಿಮಾಲಯದಲ್ಲಿ ಅಚ್ಚಾಗಿ ಕನ್ನಡನಾಡಿನಲ್ಲಿ ಓದಲ್ಪಡುತ್ತವೆ. ಜಿ. ಸಿ. ಅನುಪಮಾ, ಡಿ. ಕೆ. ಸಾಹು ಮೊದಲಾದವರು ಅದರಿಂದ ಹಲವಾರು ಮಹಾನವ್ಯಗಳನ್ನು ಅಭ್ಯಸಿಸಿದ್ದಾರೆ. ೨೦೨೦ ಎ.ಎನ್.ಕೆ. ಎಂಬ ಅತಿಪ್ರಭ ಮಹಾನವ್ಯವನ್ನು ನೈನಿತಾಲ್ ಮತ್ತು ದೇವಸ್ಥಳದ ದೂರದರ್ಶಕಗಳ ಜೊತೆಗೆ ಹಾನ್ಲೆಯ ದೂರದರ್ಶಕವೂ ವೀಕ್ಷಿಸಿತು. ಅಮಿತ್ ಕುಮಾರ್ ಮತ್ತು ಸಂಗಡಿಗರು ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನವು ನಿಕಲ್ಲಿನ ಕಾರಣವನ್ನು ತಳ್ಳಿಹಾಕಿ, ಕೆಲವೇ ಮಿಲಿಸೆಕೆಂಡುಗಳಲ್ಲಿ ಒಂದು ಸುತ್ತು ತಿರುಗುವ ಮ್ಯಾಗ್ನೆಟಾರಿನತ್ತ ಬೆರಳು ತೋರಿತು.

ಶಾಲೆಯ ಅಂಗಳದಲ್ಲಿ

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಿಗೆ ಈ ವಿಷಯದಲ್ಲಿ ಒಂದು ಉತ್ತಮ ಪಾಠವಿದೆ. ಮೇಲೆ ಹೇಳಿದ ಎರಡು ಇಳಿತಗಳನ್ನು ವಿದ್ಯಾರ್ಥಿಗಳಿಂದ ಗ್ರಾಫ್ ಹಾಳೆಯ ಮೇಲೆ ಬರೆಯಿಸಬಹುದು. ಅರ್ಧಮಾಡುವುದು, ವರ್ಗಮಾಡಿ ಭಾಗಿಸುವುದು, ಇವೆರಡೇ ಅದಕ್ಕೆ ಬೇಕಾದ ಗಣಿತ. ನಾನೂರನೆಯ ದಿನದವರೆಗಿನ ಬಿಂದುಗಳನ್ನು ಮಾತ್ರ ತೋರಿಸಿ ಕಾರಣವನ್ನು ಕೇಳಿದರೆ ತರಗತಿಯಲ್ಲಿ ಎರಡು ಪಕ್ಷಗಳಾಗುತ್ತವೆ. ಆಮೇಲೆ ಎಂಟುನೂರನೆಯ ದಿನದ ಬಿಂದುವನ್ನು ತೋರಿಸಿದರೆ ವಾದ ತಾನಾಗಿ ಮುಗಿಯುತ್ತದೆ. ಸಾಕ್ಷ್ಯ ಸಾಲದಿರುವಾಗ ತೀರ್ಮಾನವನ್ನು ತಡೆಹಿಡಿಯಬೇಕೆಂಬ ವಿವೇಕವು ಉಪದೇಶಕ್ಕಿಂತ ಈ ಒಂದು ಹಾಳೆಯಿಂದ ಚೆನ್ನಾಗಿ ಮನದಲ್ಲಿ ನಿಲ್ಲುತ್ತದೆ.

ಚಳಿಗಾಲದ ಸಂಜೆ ಊರಿನ ದೀಪಗಳಿಂದ ಸ್ವಲ್ಪ ದೂರ ಹೊಲದ ಬದುವಿಗೆ ಮಕ್ಕಳನ್ನು ಕರೆದೊಯ್ದರೆ ಪಾಠದ ಉಳಿದ ಭಾಗವನ್ನು ಆಕಾಶವೇ ಕಲಿಸುತ್ತದೆ. ವೃಷಭದ ತೆಂಕಣ ಕೊಂಬಿನ ತುದಿಯ ಬಳಿ ಏಡಿ ನೀಹಾರಿಕೆಯ ಸ್ಥಾನವಿದೆ; ಬರಿಗಣ್ಣಿಗೆ ಅದು ಕಾಣದು, ಸಣ್ಣ ದೂರದರ್ಶಕಕ್ಕೆ ಮಸುಕು ಕಲೆಯಾಗಿ ಕಂಡೀತು. ಅದರ ಸಮೀಪದಲ್ಲಿಯೇ ಮಹಾವ್ಯಾಧನ ಭುಜದಲ್ಲಿ ಕೆಂಪಗೆ ಹೊಳೆಯುವುದು ಆರ್ದ್ರಾ. ಯಾವ ನಕ್ಷತ್ರದ ಹೆಸರಿನ ಮಳೆಗೆ ರೈತನು ಕಾಯುತ್ತಾನೆಯೋ ಅದು ಮುಂದೊಂದು ದಿನ, ಬಹುಶಃ ಲಕ್ಷ ವರ್ಷಗಳೊಳಗೆ, ಮಹಾನವ್ಯವಾಗಿ ಸಿಡಿಯಲಿದೆ.

ಹಟ್ಟಿಯ ಚಿನ್ನಕ್ಕೂ ಈ ಕಥೆಯಲ್ಲಿ ಸ್ಥಾನವಿದೆ. ಎರಡು ನ್ಯೂಟ್ರಾನ್ ನಕ್ಷತ್ರಗಳ ಸಂಘಟ್ಟನೆಯಲ್ಲಿ ಚಿನ್ನದಂಥ ಭಾರವಾದ ಧಾತುಗಳು ಹುಟ್ಟುತ್ತವೆಂಬುದಕ್ಕೆ ೨೦೧೭ರ ಆಗಸ್ಟ್ ೧೭ರಂದು ವೀಕ್ಷಿಸಿದ ಘಟನೆಯಿಂದ ಸಾಕ್ಷ್ಯ ದೊರೆಯಿತು. ಕಬ್ಬಿಣದ ಬಹುಭಾಗವು ಮಹಾನವ್ಯಗಳ ನಿಕಲ್ಲಿನಿಂದ ಬಂದದ್ದು. ಬೀಡನ್ ಅರಸಿದ ಲೋಹವೂ, ಮಸ್ಕಿಯ ಬಂಡೆಯನ್ನು ಕೊರೆದ ಉಳಿಯ ಕಬ್ಬಿಣವೂ, ಆ ಲಿಪಿಯನ್ನು ಓದಿದವರ ನೆತ್ತರಿನ ಕೆಂಪೂ ಆಕಾಶದಲ್ಲಿ ಆರಿಹೋದ ಬೆಳಕುಗಳ ಶೇಷವೇ. ಅವುಗಳ ಲೆಕ್ಕವನ್ನು ಸರಿಯಾಗಿ ಇಡಬಲ್ಲ ವಿದ್ಯಾರ್ಥಿಯು ಈ ಊರುಗಳ ತರಗತಿಗಳಲ್ಲಿಯೇ ಕುಳಿತಿರಬಹುದು. ಅವನ ಕೈಗೆ ಗ್ರಾಫ್ ಹಾಳೆಯನ್ನೂ, ಅವನ ಪ್ರಶ್ನೆಗೆ ಸಾವಧಾನವನ್ನೂ ಒದಗಿಸುವುದು ಶಾಲೆಯ ಕೆಲಸ.